ಗೇಟಿನ ಮುಂದೆ ಆರಿಸಿದ ಗಾಡಿ

ಟ್ರೌಗೊಟ್ ಕ್ನೋಡ್ಲರ್‌ನಂಥ ಜಿಪುಣ ಜಿಪುಣತನಕ್ಕೇ ಹೆಸರಾದ ನಮ್ಮ ಜರ್ಮನಿಯ ಶ್ವಾಬಿಯಾದಲ್ಲೂ ಅಪರೂಪ. ಜಿಪುಣ ಅಂದರೆ ನಮ್ಮಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅನ್ನಿ. ಬೇಕರಿಯ ಕಾಗದದ ಚೀಲ ಮಡಚಿಟ್ಟು ಮರುದಿನ ಅದರಲ್ಲೇ ಬ್ರೆಡ್ ತರುವ ಆಸಾಮಿ ಅವನು. ರೈಲ್ವೆ ಗೇಟು ಬಿದ್ದರೆ, 'ಎಂಜಿನ್ ಆರಿಸಿ' ಎಂಬ ಬೋರ್ಡು ಕಾಣುವ ಮೊದಲೇ ಕೈ ಕೀಲಿಗೆ ಹೋಗುತ್ತಿತ್ತು.

ಇಂಥವನ ಕೈಗೆ ನಮ್ಮ ವರ್ಕ್‌ಶಾಪು ಪ್ರಯೋಗಕ್ಕೆಂದು ಕಟ್ಟಿದ ಒಂದೇ ಒಂದು ಗಾಡಿ! ಬಂಕಿನ ಪೆಟ್ರೋಲನ್ನೇ ಕುಡಿದು, ಡಿಕ್ಕಿಯ ಪೆಟ್ಟಿಗೆಯಲ್ಲಿ ಅದನ್ನು ಕಾಯಿಸಿ ಹೈಡ್ರೋಜನ್ ತೆಗೆದು, ಅದರಿಂದ ಕರೆಂಟು ಮಾಡಿಕೊಂಡು ಓಡುವಂಥದ್ದು. ಒಮ್ಮೆ ಆರಿಸಿದರೆ ಪೆಟ್ಟಿಗೆ ಮೊದಲಿನಿಂದ ಕಾಯಬೇಕು. ಸರಿಯಾಗಿ ಕಾಯದೆ ಹೊರಟರೆ ಹೈಡ್ರೋಜನ್ ಜೊತೆ ವಿಷದ ಅನಿಲವೂ ನುಗ್ಗಿ, ಕರೆಂಟು ಮಾಡುವ ಸೆಲ್‌ಗಳನ್ನು ಕೊಲ್ಲುತ್ತದೆ. ಹಸಿರು ದೀಪ ಹತ್ತುವ ತನಕ ಅಲ್ಲಾಡುವಂತಿಲ್ಲ.

ಆವತ್ತು ಬೆಟ್ಟದ ಮೇಲೆ ನಮಗೆ ದುಡ್ಡು ಹಾಕುವ ಕಂಪನಿಯ ದೊಡ್ಡವರು ಕಾಯುತ್ತಿದ್ದರು. ಗಾಡಿ ಅವರಿಗೆ ಹಿಡಿಸಿದರೆ ವರ್ಕ್‌ಶಾಪು ಉಳಿಯುತ್ತದೆ, ಇಲ್ಲವಾದರೆ ಬೀಗ. ನಾನು ಸೆಲ್‌ಗಳ ಕರೆಂಟು ಅಳೆಯುವ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದೆ. ಬೆಟ್ಟಕ್ಕೆ ಇನ್ನೇನು ಬಂದೆವು ಅನ್ನುವಾಗ ಗೇಟು ಬಿತ್ತು. ಟಕ್! ಎಲ್ಲ ನಿಶ್ಶಬ್ದ.

“ಅಯ್ಯೋ ಪುಣ್ಯಾತ್ಮ, ಆರಿಸಿಬಿಟ್ಯಲ್ಲೋ!”

“ನಾನಲ್ಲ ಕಣೇ ಇರ್ಮೆಲೆ, ಈ ಹಾಳು ಕೈ!” ಕೂಡಲೇ ಕೀಲಿ ತಿರುಗಿಸಿದ. ಕೆಂಪು ದೀಪ.

ರೈಲು ಹೋಯಿತು, ಗೇಟು ಎದ್ದಿತು, ದೀಪ ಮಾತ್ರ ಕೆಂಪಗೇ ಇತ್ತು. ಹಿಂದೆ ಹಾರ್ನುಗಳು ಶುರುವಾದವು. ಟ್ರ್ಯಾಕ್ಟರಿನವನೊಬ್ಬ ಕೂಗಿದ: “ಏನಣ್ಣಾ, ಇಲ್ಲೇ ಮನೆ ಮಾಡ್ಕೊಂಡ್ಯಾ?”

ಟ್ರೌಗೊಟ್‌ನ ಕಾಲು ಪೆಡಲಿನ ಕಡೆ ಸರಿಯಿತು. ನಾನು ಅವನ ರಟ್ಟೆ ಹಿಡಿದೆ.

“ಈಗ ಹೊರಟ್ರೆ ಸೆಲ್ ಸಾಯುತ್ತೆ ಕಣೋ!”

“ತಡ ಆದ್ರೆ ವರ್ಕ್‌ಶಾಪೇ ಸಾಯುತ್ತೆ!”

ಹಾಗಂದರೂ ಕಾಲು ಹಿಂದಕ್ಕೆಳೆದುಕೊಂಡು, ಕೆಳಗಿಳಿದು ಗಾಡಿಯನ್ನು ಪಕ್ಕಕ್ಕೆ ತಳ್ಳತೊಡಗಿದ. ನಾನೂ ಕೈ ಹಾಕಿದೆ. “ಈ ಕಾಲದಲ್ಲೂ ತಳ್ಳೋ ಗಾಡೀನಾ?” ಎಂದು ನಗುತ್ತಾ ಟ್ರ್ಯಾಕ್ಟರಿನವನೂ ಹೆಗಲು ಕೊಟ್ಟ. ಆಮೇಲೆ ನಾವಿಬ್ಬರೂ ಒಳಗೆ ದೀಪವನ್ನೇ ನೋಡುತ್ತಾ ಕೂತೆವು. ಕೊನೆಗೂ ಹಸಿರಾಯಿತು.

ಬೆಟ್ಟವನ್ನು ಗಾಡಿ ಎಷ್ಟು ಚೆನ್ನಾಗಿ ಹತ್ತಿತು ಅಂತೀರಿ! ಮೀಟರಿನ ಮುಳ್ಳು ಒಂದು ಸಲವೂ ನಡುಗಲಿಲ್ಲ.

ಮೇಲೆ ಎಲ್ಲರೂ ಕೋಟು ಹಾಕಿಕೊಂಡು ಹೊರಡಲು ನಿಂತಿದ್ದರು. ನಮ್ಮ ಯಜಮಾನ ಶೆಂಪ್ ಕಿಟಕಿಗೆ ಬಗ್ಗಿ, “ರೈಲು ಲೇಟು ಅಂತ ಹೇಳ್ಬಿಡಪ್ಪಾ” ಎಂದು ಪಿಸುಗುಟ್ಟಿದರು.

“ಯಾಕೆ ಇಷ್ಟು ತಡ?” ದೊಡ್ಡವರಲ್ಲಿ ಒಬ್ಬ ಹೆಂಗಸು ಕೇಳಿದಳು.

“ರೈಲಿನ ತಪ್ಪಲ್ಲ ಮೇಡಂ. ಗೇಟಲ್ಲಿ ನಾನು ಆರಿಸ್ಬಿಟ್ಟೆ. ಪೆಟ್ಟಿಗೆ ಮತ್ತೆ ಕಾಯ್ಬೇಕಲ್ಲ” ಅಂದ ಟ್ರೌಗೊಟ್.

“ಹಾಗಾದ್ರೆ ಗಿರಾಕಿಗಳೂ ಆರಿಸ್ತಾರಲ್ವಾ?”

“ಆರಿಸ್ತಾರೆ. ಬುದ್ಧಿ ಇದ್ದೋರು ಆರಿಸೇ ಆರಿಸ್ತಾರೆ.”

ನನ್ನ ಮೈ ಉರಿದುಹೋಯಿತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು! ಚಳಿಗಾಲಕ್ಕೆ ಮುಂಚೆಯೇ ವರ್ಕ್‌ಶಾಪಿಗೆ ಬೀಗ ಬಿತ್ತು. ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಎಷ್ಟೋ ವರ್ಷ ಕಳೆದವು. ಈಗ ಅವನ ಹೊಸ ಕಾರು ಗೇಟಲ್ಲಿ ನಿಂತರೆ ತಾನೇ ಆರುತ್ತದೆ, ಬ್ರೇಕಿನಿಂದ ಕಾಲು ತೆಗೆದರೆ ತಾನೇ ಹೊರಡುತ್ತದೆ. ಹೋದ ಭಾನುವಾರ ಪಕ್ಕದಲ್ಲಿ ಕೂತಿದ್ದೆ. ಗೇಟು ಎದ್ದಿತು. ಮುದುಕ ಕಾಲು ತೆಗೆಯಲಿಲ್ಲ, ದೀಪ ಹುಡುಕುವವನಂತೆ ಡ್ಯಾಶ್‌ಬೋರ್ಡನ್ನೇ ನೋಡುತ್ತಿದ್ದ. ಹಿಂದಿನವರು ಹಾರ್ನು ಹೊಡೆದರು.

“ಹಸಿರಾಯ್ತು ಕಣೋ, ಹೊರಡು” ಎಂದೆ.

ಆಗ ಕಾಲು ತೆಗೆದ.