ನಮ್ಮ ನಾಗರಾಜನ ಬಾಯಿಗೆ ಮತ್ತೆ ರುಚಿ ಕೊಟ್ಟ ಮಾಲತೇಶ

ಹಲಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನಿಂಗಪ್ಪ ನಾನು. ದೇವರಗುಡ್ಡದ ಮಾಲತೇಶ ನಮ್ಮ ಮನೆದೇವರು. ಆ ಸ್ವಾಮಿಯನ್ನು ನಂಬಿದ ಎಲ್ಲರಿಗೂ ಶರಣು ಹೇಳಿ, ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಬರೆದು ರೂಢಿಯಿಲ್ಲ, ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅದು ಶ್ರಾವಣ ಮಾಸ. ಮಧ್ಯಾಹ್ನ ಗಿರಣಿ ಓಡುತ್ತಿತ್ತು. ಆ ಸದ್ದಿನಲ್ಲಿ ನನಗೆ ಫೋನು ಕೇಳಿಸಿರಲಿಲ್ಲ. ಜೋಳ ಬೀಸಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು, "ಕಾಕಾ, ನಿಮ್ಮ ಫೋನು ಒಂದ ಸವನ ಬಡಕೊಳ್ಳಾಕತ್ತೈತಿ ನೋಡ್ರಿ" ಅಂದಳು. ಹೊರಗೆ ಬಂದು ಕಿವಿಗಿಟ್ಟುಕೊಂಡೆ. ಆ ಕಡೆಯವರು ಹಿಂದಿಯಲ್ಲಿ ಮಾತನಾಡಿದರು. ನನ್ನ ಒಬ್ಬನೇ ಮಗ ನಾಗರಾಜ ಸೇನೆಯಲ್ಲಿದ್ದ. ಅವನಿದ್ದ ಗಾಡಿ ಗುಡ್ಡದ ದಾರಿಯಲ್ಲಿ ಜಾರಿ ಕೆಳಗೆ ಉರುಳಿತ್ತು. ತಲೆಗೆ ಪೆಟ್ಟಾಗಿದೆ, ಶಸ್ತ್ರಚಿಕಿತ್ಸೆ ಆಗಿದೆ, ಪುಣೆಯ ಆಸ್ಪತ್ರೆಗೆ ತರುತ್ತಾರೆ, ಬನ್ನಿ ಎಂದರು. ಅವನಿಗೆ ಹೆಣ್ಣು ನೋಡಲು ಶುರುಮಾಡಿದ್ದ ದಿನಗಳವು.

ನಾನೂ ನನ್ನ ಹೆಂಡತಿ ಗಂಗವ್ವನೂ ರಾಣೆಬೆನ್ನೂರಿಗೆ ಬಂದು ಹುಬ್ಬಳ್ಳಿ ಬಸ್ಸು ಹಿಡಿದೆವು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಸ್ವಾಮಿಯ ಅರಿಸಿನ ಭಂಡಾರದ ಗಂಟನ್ನು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಮಗನನ್ನು ನೋಡಿದಾಗ ಅವನ ತಲೆಯ ಒಂದು ಬದಿ ತಗ್ಗಾಗಿತ್ತು. ಕಣ್ಣು ತೆರೆದಿದ್ದವು, ಆದರೆ ನಮ್ಮ ಮೇಲೆ ನಿಲ್ಲುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಒಂದು ನಳಿಕೆ ಇಳಿಸಿದ್ದರು. ಅನ್ನ ನೀರು ಎಲ್ಲ ಅದರಲ್ಲೇ. ಜೀವಕ್ಕೆ ಅಪಾಯವಿಲ್ಲ, ಆದರೆ ಮೆದುಳಿನ ಪೆಟ್ಟು ಎಷ್ಟು ವಾಸಿಯಾಗುತ್ತದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಗಂಗವ್ವ ಮಗನ ಹಣೆಗೆ ಭಂಡಾರ ಹಚ್ಚಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಕೆಲವು ವಾರಗಳಾದ ಮೇಲೆ, ಮನೆಗೆ ಕರೆದೊಯ್ಯುವ ಮೊದಲು ಮನೆಯವರೊಬ್ಬರು ತರಬೇತಿ ಪಡೆಯಲೇಬೇಕು ಎಂದರು. ಊರಲ್ಲಿ ಎಮ್ಮೆ ಇತ್ತು, ಗಂಗವ್ವನಿಗೆ ಹಿಂದಿ ಬರುತ್ತಿರಲಿಲ್ಲ. ನಾನು ಗಿರಣಿ ಹಾಕುವ ಮೊದಲು ಬ್ಯಾಡಗಿಯಿಂದ ಮೆಣಸಿನಕಾಯಿ ಹೇರುವ ಲಾರಿಯ ಮೇಲೆ ಮಹಾರಾಷ್ಟ್ರವೆಲ್ಲ ತಿರುಗಿ ಹಿಂದಿ ಕಲಿತವನು. ಹಾಗಾಗಿ ಅವಳು ಊರಿಗೆ ಹೋದಳು, ನಾನು ಉಳಿದೆ.

ತರಬೇತಿಯ ಕೋಣೆಯಲ್ಲಿ ಇದ್ದವರು ಬಹುತೇಕ ಹೆಂಗಸರೇ. ಗಾಯಗೊಂಡ ಯೋಧರ ಹೆಂಡಂದಿರು, ತಾಯಂದಿರು. ಮಗುವಿಗೆ ಒಂದು ತುತ್ತು ಉಣಿಸಿ ಗೊತ್ತಿಲ್ಲದ ನಾನು ಹಿಂದೆ ಗೋಡೆಗೆ ಆತು ಕುಳಿತೆ. ನುಂಗುವುದನ್ನು ಕಲಿಸುವ ಮೇಡಂ ಒಬ್ಬರಿದ್ದರು. ಮೊದಲ ದಿನವೇ ನನ್ನನ್ನು ಮುಂದೆ ಕರೆದು ಕುರ್ಚಿಯಲ್ಲಿ ಒರಗಿಸಿ, ಗದ್ದ ಮೇಲೆತ್ತಿಸಿ, ಸಾತಾರಾ ಕಡೆಯ ಹೆಣ್ಣುಮಗಳೊಬ್ಬಳ ಕೈಯಿಂದ ನನ್ನ ಬಾಯಿಗೆ ಒಂದು ಚಮಚ ನೀರು ಹಾಕಿಸಿದರು. ಗಂಟಲು ಕಟ್ಟಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ.

ಮೇಡಂ ಹೇಳಿದರು, "ಕಾಕಾ, ನಿಮಗೆ ಕೆಮ್ಮು ಬಂತು, ಬದುಕಿದಿರಿ. ನಿಮ್ಮ ಮಗನಿಗೆ ಈಗ ಕೆಮ್ಮುವುದೂ ಮರೆತಿದೆ. ನೀವು ಪ್ರೀತಿಯಿಂದ ಹಾಕಿದ ನೀರು ಸದ್ದಿಲ್ಲದೆ ಅವನ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾವು ಹೇಳುವ ತನಕ ಬಾಯಿಗೆ ಏನೂ ಬೇಡ. ಒಂದು ಹನಿಯೂ ಬೇಡ."

ಆ ಮಾತು ನನ್ನ ಎದೆಯಲ್ಲಿ ಕೂತಿತು. ಹುಣ್ಣಾಗದಂತೆ ಮೈ ಹೊರಳಿಸುವುದು, ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಒರೆಸುವುದು, ಕಫ ಸಡಿಲಾಗಲು ಬೆನ್ನು ತಟ್ಟುವುದು, ನಳಿಕೆಯಲ್ಲಿ ಗಂಜಿ ಬಿಡುವುದು, ಗಂಟಲಿಗೆ ಏನಾದರೂ ಸಿಕ್ಕರೆ ಮುಂದೆ ಬಾಗಿಸಿ ಹೆಗಲೆಲುಬಿನ ನಡುವೆ ಬಲವಾಗಿ ಹೊಡೆಯುವುದು, ಎಲ್ಲ ಕಲಿತೆ. ಇಂಥವರಿಗೆ ಮುಂದೆ ಸಿಟ್ಟು ಬರುತ್ತದೆ, ಬೈಯುತ್ತಾರೆ, ಆಗ ಬೈದದ್ದು ಅವರಲ್ಲ, ತಲೆಯ ಗಾಯ ಎಂದು ತಿಳಿದುಕೊಳ್ಳಿ ಎಂದೂ ಹೇಳಿದರು.

ನಾಗರಾಜನನ್ನು ಹಲಗೇರಿಗೆ ತಂದೆವು. ಊರೇ ನೋಡಲು ಬಂತು. ಆಂಬುಲೆನ್ಸಿನಿಂದ ಇಳಿಸುವಾಗ ಗಂಗವ್ವ ಆರತಿ ಎತ್ತಿದಳು. ನಮ್ಮ ಕಷ್ಟದ ದೊಡ್ಡ ಭಾಗ ಅಲ್ಲಿಂದಲೇ ಶುರುವಾಯಿತು.

ಮೊದಲ ಭಾನುವಾರ ಗಂಗವ್ವ ದೇವರಗುಡ್ಡಕ್ಕೆ ಹೋಗಿ ತೀರ್ಥ ತಂದಳು. ನೇರವಾಗಿ ಮಗನ ಮಂಚದ ಹತ್ತಿರ ಹೋಗಿ ಉದ್ಧರಣೆಯನ್ನು ಅವನ ತುಟಿಗೆ ಹಿಡಿದಳು. ನಾನು ಓಡಿಹೋಗಿ ಅವಳ ಕೈ ಹಿಡಿದೆ. ತೀರ್ಥ ಹಾಸಿಗೆಯ ಮೇಲೆ ಚೆಲ್ಲಿತು.

ಅವಳು ನನ್ನ ಮುಖವನ್ನೇ ನೋಡಿದಳು. "ಕೂಳು ಬ್ಯಾಡಂದ್ರಿ, ಸುಮ್ಮನಾದ್ನಿ. ನೀರು ಬ್ಯಾಡಂದ್ರಿ, ಸುಮ್ಮನಾದ್ನಿ. ಇದು ಮಾಲತೇಶನ ತೀರ್ಥ ಐತ್ರಿ. ದೇವರಕಿಂತ ಆ ಮೇಡಂ ದೊಡ್ಡಾಕಿ ಆದಳೇನು ನಿಮಗ?"

"ಹಂಗಲ್ಲ ಗಂಗಾ. ಪುಪ್ಪಸಕ್ಕ ಇಳದ್ರ..."

"ತೀರ್ಥಕ್ಕ ಎಲ್ಲಿ ಇಳೀಬೇಕಂತ ಗೊತ್ತಿರೂದಿಲ್ಲೇನ್ರಿ?"

ನಂಬಿಕೆ ಅವಳಿಗಿದ್ದಷ್ಟೇ ನನಗೂ ಇತ್ತು. ಮಗ ಕೆಮ್ಮಲಾರ ಎಂಬುದೂ ಗೊತ್ತಿತ್ತು. ಆ ದಿನದಿಂದ ಗಂಗವ್ವ ನನ್ನ ಕೂಡ ಬೇಕಾದಷ್ಟೇ ಮಾತನಾಡಿದಳು. ನಾನು ಮಗನ ಕೆಲಸ ಮಾಡುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಕಲಿತದ್ದು ಮರೆಯಬಾರದೆಂದು ನಾನು ಕಂಬಳಿ ಸುರುಳಿ ಸುತ್ತಿ, ಅದನ್ನೇ ಮಗನೆಂದುಕೊಂಡು ಬಾಗಿಸಿ ಬಡಿಯುತ್ತಿದ್ದೆ. ಓಣಿಯ ಮಂದಿ, "ನಿಂಗಪ್ಪಗ ತಲಿ ಕೆಟ್ಟೈತಿ, ಕಂಬಳಿಗೆ ಹೊಡ್ಯಾಕ ಹತ್ಯಾನ" ಎಂದು ನಕ್ಕರಂತೆ.

ನಳಿಕೆ ಬದಲಿಸಲು ಹಾವೇರಿಗೆ ಹೋಗಿಬರುವುದು, ಗಿರಣಿ ಅರ್ಧ ದಿನ ಮುಚ್ಚುವುದು, ಮಗ ಇದ್ದಕ್ಕಿದ್ದ ಹಾಗೆ ಕೈ ಬೀಸಿ ನನ್ನ ಮುಖಕ್ಕೆ ಹೊಡೆಯುವುದು, ಹೀಗೆ ದಿನಗಳು ಹೋದವು. ಚಳಿಗಾಲ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಒಂದು ಮುಂಜಾನೆ ಮಗನನ್ನು ಹೊರಳಿಸಲು ಹೋಗಿ ನಾನೇ ಅವನ ಪಕ್ಕ ಬಿದ್ದೆ. ಏಳಲು ಮನಸ್ಸೂ ಬರಲಿಲ್ಲ. ಇವನನ್ನು ಎಷ್ಟು ವರ್ಷ ಹೀಗೆ ಎತ್ತಲಿ, ನಾನು ಹೋದ ಮೇಲೆ ಯಾರು ಎತ್ತುತ್ತಾರೆ ಎನ್ನಿಸಿ ಅತ್ತೆ.

ಅಂದು ಭಾನುವಾರ. ಮಗನಿಗೆ ಗಂಜಿ ಬಿಟ್ಟು, ದಿಂಬು ಕೊಟ್ಟು ಕೂರಿಸಿ, ಗಂಗವ್ವನಿಗೆ ಹೇಳಿ ನಾನೇ ದೇವರಗುಡ್ಡಕ್ಕೆ ಹೊರಟೆ. ಅಷ್ಟು ದಿನ ಹೋಗಲು ಧೈರ್ಯ ಇರಲಿಲ್ಲ. ತೀರ್ಥ ಚೆಲ್ಲಿದ ಕೈ ಇಟ್ಟುಕೊಂಡು ಹೇಗೆ ನಿಲ್ಲಲಿ ಎಂಬ ಅಳುಕು. ಗುಡಿಯಲ್ಲಿ ಮಂದಿ ಹೆಚ್ಚಿರಲಿಲ್ಲ. ಸ್ವಾಮಿಯ ಎದುರು ನಿಂತು ಬಾಯಿಬಿಟ್ಟೇ ಹೇಳಿದೆ:

"ಯಪ್ಪಾ ಮಾಲತೇಶಾ, ಮಗನ್ನ ಮೊದಲಿನಂಗ ಮಾಡು ಅಂತ ಕೇಳಿ ಕೇಳಿ ದಣದೇನಿ. ಇವತ್ತ ಅದನ್ನ ಕೇಳೂದಿಲ್ಲ. ಅವರವ್ವನ ಮನಸ್ಸು ನನ್ನ ಕಡೆ ತಿರುಗಸು. ಇದು ಒಬ್ಬನ ಕೈಲೆ ಏಳೂ ಭಾರ ಅಲ್ಲೋ ನನ್ನಪ್ಪಾ."

ಭಂಡಾರ ಹಚ್ಚಿಕೊಂಡು ಹೊರಗೆ ಬಂದು ಫೋನು ನೋಡಿದರೆ ಮನೆಯಿಂದ ಮೇಲಿಂದ ಮೇಲೆ ಕರೆ ಬಂದಿದ್ದವು. ತಿರುಗಿ ಹಚ್ಚಿದೆ.

"ಲಗೂ ಬರ್ರಿ," ಅಂದಳು ಗಂಗವ್ವ. "ಅಂವಾ ಉಸರಾಡಾಕತ್ಯಾನ. ಹೆದರಬ್ಯಾಡ್ರಿ. ಬರ್ರಿ."

ಸಿಕ್ಕ ಆಟೋ ಹಿಡಿದು ಮನೆಗೆ ಬಂದೆ. ನಡೆದದ್ದು ಇಷ್ಟು. ಗಂಗವ್ವನ ಅಣ್ಣ ಶೇಖಪ್ಪ ಬ್ಯಾಡಗಿಯಿಂದ ಬಂದಿದ್ದ. ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಮಾಡುವ ದೊಡ್ಡ ಮನಸ್ಸಿನ ಮನುಷ್ಯ. ಅವಳು ಚಹಾ ಕಾಸಲು ಒಳಗೆ ಹೋದಾಗ, "ಅಳಿಯಾ, ಬಾಯಿ ಸೀ ಮಾಡ್ಕೋಪಾ" ಎಂದು ತಂದಿದ್ದ ಪೇಢೆ ಮುರಿದು ನಾಗರಾಜನ ಬಾಯಿಗಿಟ್ಟಿದ್ದ. ಮಗ ಕೆಮ್ಮಲೂ ಇಲ್ಲ, ಕೂಗಲೂ ಇಲ್ಲ. ಕಣ್ಣು ದೊಡ್ಡದಾದವು, ತುಟಿ ನೀಲಿಯಾಯಿತು. ಶೇಖಪ್ಪ ನೀರು ಕುಡಿಸಲು ತಂಬಿಗೆ ಎತ್ತಿದ.

"ನೀರು ಹಾಕಬ್ಯಾಡೋ ಅಣ್ಣಾ!" ಎಂದು ಕೂಗಿಕೊಂಡು ಬಂದ ಗಂಗವ್ವ ಅವನನ್ನು ತಳ್ಳಿ, ಮಗನನ್ನು ಎಬ್ಬಿಸಿ ಕೂರಿಸಿ, ತನ್ನ ಎಡಗೈಯ ಮೇಲೆ ಮುಂದೆ ಬಾಗಿಸಿ, ಹೆಗಲೆಲುಬಿನ ನಡುವೆ ಅಂಗೈಯಿಂದ ಹೊಡೆದಳು, ಮತ್ತೆ ಹೊಡೆದಳು. ಪೇಢೆಯ ಉಂಡೆ ಹೊರಗೆ ಬಿತ್ತು. ಮಗ ಜೋರಾಗಿ ಉಸಿರೆಳೆದ. ಅವಳು ಅವನನ್ನು ಮಲಗಿಸಲಿಲ್ಲ. ಕೂರಿಸಿಯೇ ಹಿಡಿದುಕೊಂಡು, ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಒರೆಸಿದ್ದಳು. ನಾನು ಬಂದಾಗಲೂ ಹಾಗೆಯೇ ಹಿಡಿದು ಕುಳಿತಿದ್ದಳು. ಶೇಖಪ್ಪ ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

"ಇದನ್ನೆಲ್ಲ ಯಾರು ಕಲಿಸಿದರು ನಿನಗ?" ಅಂದೆ.

"ನೀವ. ಬಾಗಲದಾಗ ನಿಂತು ದಿನಾ ನೋಡ್ತಿದ್ನೆಲ್ರಿ. ಸಿಟ್ಟಿಲೇ ನೋಡ್ತಿದ್ನಿ. ಆದ್ರೂ ಕೈಯಾಗ ಇಳದ ಬಿಟ್ಟೇತಿ." ಆಮೇಲೆ ಮಗನ ತಲೆ ಸವರುತ್ತ, "ನಾ ತೀರ್ಥ ಹಾಕಿದ್ರ ಹಿಂಗ ಆಗ್ತಿತ್ತೇನ್ರಿ?" ಎಂದು ಕೇಳಿದಳು.

ನಾನು ಅವಳ ಪಕ್ಕ ಕುಳಿತು ಮಗನ ಬೆನ್ನಿಗೆ ಕೈ ಆಸರೆ ಕೊಟ್ಟೆ. ರಾಣೆಬೆನ್ನೂರಿನ ಡಾಕ್ಟರಿಗೆ ಎದೆ ತೋರಿಸಿದೆವು, ಏನೂ ಆಗಿಲ್ಲ ಎಂದರು. ಭಕ್ತರೇ, ನಾನು ಗುಡಿಯಲ್ಲಿ ಕೈಮುಗಿದು ಬೇಡುತ್ತಿದ್ದ ಹೊತ್ತಿಗೇ ಮನೆಯಲ್ಲಿ ಅದು ನಡೆದಿತ್ತು. ಇದನ್ನು ಕಾಕತಾಳೀಯ ಎನ್ನುವವರು ಇರಬಹುದು. ಅವಳ ಕೈ ಕಂಡ ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ.

ಮಾರನೆಯ ಮುಂಜಾನೆ ಗಂಗವ್ವ ಸೆರಗು ಸಿಕ್ಕಿಸಿಕೊಂಡು ಮಂಚದ ಹತ್ತಿರ ಬಂದಳು. "ಈಗ ನಿಂತು ನೋಡೂದಿಲ್ಲ. ಕಲಸ್ರಿ," ಎಂದಳು. ಪುಣೆಯಲ್ಲಿ ನನ್ನನ್ನು ಒರಗಿಸಿದ ಹಾಗೆಯೇ ಅವಳನ್ನು ಕುರ್ಚಿಗೆ ಒರಗಿಸಿ ಒಂದು ಚಮಚ ನೀರು ಹಾಕಿದೆ. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, "ಅಯ್ಯೋ ನನ ಕಂದಾ" ಎಂದು ಮಗನ ಕಡೆ ನೋಡಿದಳು. ಮುಂದಿನ ಭಾನುವಾರ ತೀರ್ಥ ತಂದಾಗ ಅದನ್ನು ಅವನ ಕಣ್ಣಿಗೂ ಹಣೆಗೂ ಹಚ್ಚಿದಳು. ಸ್ವಾಮಿ ಮುಟ್ಟಿದರೆ ಸಾಕು ಎಂದಳು.

ಎರಡು ಜೊತೆ ಕೈ ಆದ ಮೇಲೆ ಮಗನ ಮೈಗೆ ಕಳೆ ಬಂತು. ಅವನ ಕಣ್ಣು ನಮ್ಮನ್ನು ಹಿಂಬಾಲಿಸತೊಡಗಿದವು. ಒಂದು ದಿನ ತಾನಾಗಿಯೇ ಕೆಮ್ಮಿದ. ಮಗ ಕೆಮ್ಮಿದ್ದಕ್ಕೆ ಸಂತೋಷಪಟ್ಟು ಓಣಿಗೆ ಸಕ್ಕರೆ ಹಂಚಿದ ತಾಯಿ ಗಂಗವ್ವ ಒಬ್ಬಳೇ ಇರಬೇಕು! ಮತ್ತೆ ಪುಣೆಗೆ ಕರೆದೊಯ್ದಾಗ ಎಕ್ಸ್‌ರೇ ಯಂತ್ರದ ಮುಂದೆ ಕೂರಿಸಿ ಅವನು ನುಂಗುವುದನ್ನು ನೋಡಿದರು. ಅದೇ ಮೇಡಂ ನನ್ನ ಕಡೆ ತಿರುಗಿ, ನೀರಾಗಿರದ ಗಟ್ಟಿ ಗಂಜಿಯಂಥದ್ದನ್ನು ಚಮಚದ ತುದಿಯಷ್ಟು ಶುರುಮಾಡಬಹುದು ಎಂದರು. ಈ ಸಲ ಗಂಗವ್ವನೂ ಬಂದಿದ್ದಳು. ಅವಳಿಗೆ ಹಿಂದಿ ಬಾರದು, ಮೇಡಮ್ಮಿಗೆ ಕನ್ನಡ ಬಾರದು. ಇಬ್ಬರೂ ಕೈ ಹಿಡಿದುಕೊಂಡು ನಿಂತಿದ್ದರು.

ಊರಿಗೆ ಬಂದು ನಾನು ಜೋಳವನ್ನು ಗಿರಣಿಯಲ್ಲಿ ನುಣ್ಣಗೆ ಬೀಸಿ ಜರಡಿ ಹಿಡಿದೆ. ಗಂಗವ್ವ ದಪ್ಪನಾದ ಅಂಬಲಿ ಕಾಸಿದಳು. ಚಮಚ ವಾಲಿಸಿದರೆ ಹರಿಯಬಾರದು, ಮೆಲ್ಲಗೆ ಮುದ್ದೆಯಾಗಿ ಬೀಳಬೇಕು. ಮಗನನ್ನು ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಅವಳು ಚಮಚದ ತುದಿಯಷ್ಟು ಕೊಟ್ಟಳು. ಗಂಟಲಿನ ಗಂಟು ಮೇಲೇರಿ ಇಳಿಯುವುದನ್ನು ಇಬ್ಬರೂ ಕಾಯ್ದೆವು. ಇಳಿಯಿತು. ಅವಳು ಮತ್ತೊಂದು ಚಮಚ ಎತ್ತಿಕೊಂಡಳು.

ಹೀಗೇ ಕೆಲವು ತಿಂಗಳು. ಅಳತೆ ಹೆಚ್ಚಿಸುತ್ತ ಹೋದೆವು, ನಳಿಕೆ ತೆಗೆದರು. ಆಗೊಂದು ಈಗೊಂದು ಅಕ್ಷರ ಅವನ ಬಾಯಿಂದ ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಒಂದು ದಿನ ಅಂಬಲಿ ನುಂಗಿ ಮುಖ ಕಿವುಚಿದ. ಎಷ್ಟೋ ಹೊತ್ತು ಪ್ರಯತ್ನಪಟ್ಟು, ಒಂದೊಂದೇ ಮಾತು ಹೊರಗೆ ತಂದ.

"ಅವ್ವಾ... ಉಪ್ಪು... ಹಾಕಿಲ್ಲ."

ಗಂಗವ್ವ ಚಮಚ ಕೆಳಗಿಟ್ಟು, ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಓಡಿದಳು. ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದು ಅಲ್ಲೇ ನಿಂತು ಅತ್ತಳು, ನಕ್ಕಳು. ನಾನು ದೇವರಗುಡ್ಡದ ದಿಕ್ಕಿಗೆ ತಿರುಗಿ ನೆಲಕ್ಕೆ ಹಣೆ ಹಚ್ಚಿದೆ.

ನಾಗರಾಜ ಇಂದಿಗೂ ಆಸರೆ ಇಲ್ಲದೆ ನಡೆಯಲಾರ. ಎಡಗೈ ಅಷ್ಟಕ್ಕಷ್ಟೇ. ನಿನ್ನೆಯ ಮಾತು ಇವತ್ತು ಮರೆಯುತ್ತಾನೆ. ಸಿಟ್ಟು ಬಂದಾಗ ತಟ್ಟೆ ಎಸೆಯುತ್ತಾನೆ. ಇದನ್ನು ಮುಚ್ಚಿಟ್ಟು ಬರೆದರೆ ಸ್ವಾಮಿ ಮೆಚ್ಚುವುದಿಲ್ಲ.

ಕಳೆದ ತಿಂಗಳು ಗುತ್ತಲದಿಂದ ಒಬ್ಬರು ಹುಡುಕಿಕೊಂಡು ಬಂದರು. ಅವರ ಮನೆಯ ಯೋಧನಿಗೂ ತಲೆಗೆ ಪೆಟ್ಟಾಗಿ, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ತಂದಿದ್ದರು. ಅವನ ಹೆಂಡತಿ ಆಸ್ಪತ್ರೆಯಲ್ಲಿ ಕಲಿತು ಬಂದಿದ್ದಳು, ಆದರೆ ಮನೆಯ ಹಿರಿಯರು ಕೇಳುತ್ತಿರಲಿಲ್ಲ. ಗಂಗವ್ವ ಬಸ್ಸು ಹತ್ತಿ ಹೋದಳು, ನಾನೂ ಜೊತೆಗಿದ್ದೆ. ಅವಳು ಆ ಯೋಧನ ತಾಯಿಯ ಪಕ್ಕ ಕುಳಿತು, "ನಿಮ್ಮ ಸೊಸಿ ಹೇಳೂದು ಖರೇ ಐತ್ರಿ ಯಕ್ಕಾ. ನಾನೂ ನಿಮ್ಮಂಗ ಇವರ ಕೂಡ ಜಗ್ಗಾಡೇನಿ," ಎಂದಳು. ಮೈ ಹೊರಳಿಸುವುದನ್ನು ಅತ್ತೆ ಸೊಸೆ ಇಬ್ಬರೂ ಕೂಡಿ ಮಾಡಿದರು.

ಹೊರಡುವಾಗ ಆ ತಾಯಿ ಗಂಗವ್ವನ ಕೈ ಹಿಡಿದು ಕೇಳಿದಳು, "ನಿಮ್ಮ ಮಗ ಪೂರಾ ಆರಾಮ ಆದನೇನ್ರಿ ಯಕ್ಕಾ?"

"ಇನ್ನೂ ಇಲ್ರಿ," ಅಂದಳು ಗಂಗವ್ವ. "ಆದ್ರ ಇವತ್ತ ಮುಂಜಾನೆ ಪಲ್ಯಾ ಖಾರ ಆಗೇತಂತ ನನ್ನ ಕೂಡ ಜಗಳಾ ತಗದಾನ್ರಿ."

ಆ ಜಗಳವನ್ನು ಕೇಳುವ ಭಾಗ್ಯ ನಮ್ಮ ಮನೆಗೆ ಕೊಟ್ಟ ಮಾಲತೇಶನಿಗೆ ಏಳು ಕೋಟಿ ನಮಸ್ಕಾರ.