ಅಕ್ಕನ ಕ್ಲಿಪ್ಪಿನ ಚೀಲ ಮತ್ತು ಒಂದು ಖಾಲಿ ಕುರ್ಚಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಮಷಿನ್ನು ಆಸ್ಪತ್ರೆಯ ಬೆಡ್‌ಶೀಟುಗಳನ್ನು ಗರಗರ ತಿರುಗಿಸುತ್ತಿದೆ. ಬಟ್ಟೆ ಮಡಚುವ ಉದ್ದನೆಯ ಮೇಜನ್ನು ಲಾಂಡ್ರಿ ನಡೆಸುವ ಅಕ್ಕ ಒರೆಸುತ್ತಾರೆ, ಟೀ ಲೋಟ ಜೋಡಿಸುತ್ತಾರೆ, ನಡುವೆ ಒಂದು ಹಿಡಿ ದಾಳಗಳನ್ನೂ ಬಟ್ಟೆ ಕ್ಲಿಪ್ಪುಗಳ ಚೀಲವನ್ನೂ ಇಡುತ್ತಾರೆ. ಆಮೇಲೆ ಬಾಗಿಲ ಕಡೆ ನೋಡುತ್ತಾರೆ.

"ವಾಚ್‌ಮನ್ ಅಣ್ಣ ಇವತ್ತಾದ್ರೂ ಬರ್ತಾರೋ ಇಲ್ವೋ," ಎನ್ನುತ್ತಾರೆ. ಹೇಳಿದ್ದು ನನಗಲ್ಲ, ಕೈಯಲ್ಲಿದ್ದ ಲೋಟಕ್ಕೆ.

ಬೆಳ್ಳಂಬೆಳಗ್ಗೆ ನಿದ್ದೆಗೆಟ್ಟು ಆಟವಾಡುವ ಮಂದಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಗೊಣಗಿಕೊಂಡೇ ಇವರ ಬಗ್ಗೆ ಬರೆಯಲು ನಾನು ಇಲ್ಲಿಗೆ ಬಂದವನು. ಬಂದ ಮೇಲೆ ಗೊತ್ತಾಯಿತು, ಇವರೆಲ್ಲ ನಿದ್ದೆಗೆಟ್ಟವರೇ. ಅಕ್ಕನ ನಾದಿನಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಇನ್ನೊಬ್ಬ ಬೇಕರಿಯ ಒಲೆ ನೋಡಿಕೊಳ್ಳುವವನು, ತೋಳಿನ ತುಂಬ ಹಿಟ್ಟು. ಮೂರನೆಯವರು ಗೋದಾಮಿನ ವಾಚ್‌ಮನ್, ಎಲ್ಲರಿಗಿಂತ ಹಿರಿಯರು. ವಾರಕ್ಕೊಮ್ಮೆ ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ಇಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ, ಅಕ್ಕ ಕಥೆ ನಡೆಸುತ್ತಾರೆ, ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ.

ಮೊದಲು ಕಥೆ ನಡೆಸುತ್ತಿದ್ದವಳು ನಾದಿನಿ. ಅವಳ ಕಥೆಯಲ್ಲಿ ಒಬ್ಬಳು ಮಲತಾಯಿ ರಾಜಕುಮಾರಿಯ ಹಾಲಿಗೆ ವಿಷ ಬೆರೆಸುವ ಹೊತ್ತಿಗೆ, ಬಟ್ಟೆ ಮಡಚುತ್ತ ಕೇಳುತ್ತಿದ್ದ ಅಕ್ಕ ಕೈಯಲ್ಲಿದ್ದ ಕ್ಲಿಪ್ಪನ್ನು ಮೇಜಿನ ಅಂಚಿಗೆ ಚಕ್ಕನೆ ಸಿಕ್ಕಿಸಿಬಿಟ್ಟರಂತೆ.

"ಇಲ್ಲಿಗೆ ನಿಲ್ಸು ಅಂದೆ. ನಾನೂ ಮಲತಾಯೀನೇ. ಆಗಷ್ಟೇ ನಮ್ಮ ಹುಡುಗಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಬಂದಿದ್ದೆ. ಎಲ್ಲಾ ಕಥೇಲೂ ನಾನೇ ವಿಷ ಹಾಕ್ಬೇಕಾ?"

"ಅತ್ತಿಗೆ ಹೊಟ್ಟೇಲಿ ಇಷ್ಟೊಂದಿತ್ತು ಅಂತ ನಂಗೇನು ಗೊತ್ತು," ಎಂದು ನಾದಿನಿ ನಗುತ್ತಾಳೆ. "ಹಾಗಾದ್ರೆ ನೀವೇ ಕಥೆ ಹೇಳಿ ಅಂದೆ. ಅವತ್ತು ಕೂತೋರು ಇನ್ನೂ ಎದ್ದಿಲ್ಲ."

ಅಂದಿನಿಂದ ಮೇಜಿನ ನಡುವೆ ಒಂದು ಕ್ಲಿಪ್ಪು ಬಂತು. ಕಥೆ ಎಲ್ಲಾದರೂ ಚುಚ್ಚಿದರೆ ಅದನ್ನು ಎತ್ತಿ ತಮ್ಮ ಲೋಟಕ್ಕೆ ಸಿಕ್ಕಿಸಿಕೊಂಡರಾಯಿತು, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಅಕ್ಕನ ಕಥೆಗಳಲ್ಲಿ ಕುಂಟರೆಲ್ಲ ಕುತಂತ್ರಿಗಳಲ್ಲ, ಕಪ್ಪಗಿರುವವರೆಲ್ಲ ರಾಕ್ಷಸರಲ್ಲ, ಕಾಡಿನವರು ದಡ್ಡರಲ್ಲ. ಕೆಟ್ಟವರು ಇಲ್ಲವೆಂದಲ್ಲ, ಬೇಕಾದಷ್ಟಿದ್ದಾರೆ. "ಕೆಟ್ಟವನು ಯಾಕೆ ಕೆಟ್ಟ ಅಂತ ನನಗೆ ಗೊತ್ತಿರ್ಬೇಕು ಅಷ್ಟೆ. ಅವನ ಮೂಗು ನೋಡಿ ಹೇಳೋ ಹಾಗಿರ್ಬಾರ್ದು," ಎನ್ನುತ್ತಾರೆ.

ಇಷ್ಟು ಎಚ್ಚರದ ಹೆಂಗಸು ಎಡವಿದ್ದು ಎಲ್ಲಿ ಎಂದರೆ, ಬಾಗಿಲಲ್ಲಿ. ಅವರ ಕಥೆಯಲ್ಲಿ ಕೋಟೆ ಬಂದಾಗಲೆಲ್ಲ ಬಾಗಿಲ ಕಾವಲುಗಾರ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅಕ್ಕ ಗೊರಕೆಯನ್ನು ಬಲು ಚೆನ್ನಾಗಿ ಹೊಡೆಯುತ್ತಾರೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ವಾಚ್‌ಮನ್ ಅಣ್ಣನೂ ನಗುತ್ತಿದ್ದರು. ಒಂದು ವಾರ ಅವರು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

ವಿಷಯ ಹೊಳೆದ ದಿನ ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ ನೇರ ಗೋದಾಮಿಗೆ ಹೋದರು. ಗೇಟಿನ ಬಳಿ ನಿಂತೇ ಮಾತಾಯಿತು.

"ಕ್ಲಿಪ್ಪು ಯಾಕೆ ತಗೊಳ್ಲಿಲ್ಲ ಅಣ್ಣ ಅಂತ ಕೇಳ್ದೆ. ಅವರು, 'ತಗೊಂಡಿದ್ರೆ ಇವನಿಗೆ ನೋವಾಯ್ತು ಅಂತ ಎಲ್ಲರಿಗೂ ಗೊತ್ತಾಗ್ತಿತ್ತಲ್ಲಮ್ಮ. ನಗೋದೇ ಸುಲಭ ಅನ್ನಿಸ್ತು' ಅಂದ್ರು." ಅಕ್ಕನ ದನಿ ಇಳಿಯುತ್ತದೆ. "ಮಲತಾಯಿ ಅಂದಾಗ ನಂಗೆ ಎಷ್ಟು ಉರೀತು. ಪಕ್ಕದಲ್ಲೇ ಕೂತೋರಿಗೆ ಅದನ್ನೇ ಮಾಡ್ದೆ ನೋಡಿ."

ಹಾಗೆ ಬಂತು ಈ ಚೀಲ. ಈಗ ಎಲ್ಲರ ಕೈಗೂ ಮರದ್ದೊಂದು, ಕೆಂಪು ಪ್ಲಾಸ್ಟಿಕ್ಕಿನದೊಂದು ಕ್ಲಿಪ್ಪು. ಟೀ ಹೊತ್ತಿಗೆ ಚೀಲ ಸುತ್ತು ಬರುತ್ತದೆ, ಮುಷ್ಟಿಯಲ್ಲಿ ಒಂದನ್ನು ಮುಚ್ಚಿಕೊಂಡು ಒಳಗೆ ಬಿಡಬೇಕು: ಕಥೆ ಚುಚ್ಚಿದ್ದರೆ ಕೆಂಪು, ಇಲ್ಲದಿದ್ದರೆ ಮರದ್ದು. ಒಂದೇ ಒಂದು ಕೆಂಪು ಬಿದ್ದರೂ ಕಥೆ ದಾರಿ ಬದಲಿಸುತ್ತದೆ. ಯಾರದೆಂದು ಗೊತ್ತಾಗುವುದಿಲ್ಲ. ಏನು ಚುಚ್ಚಿತೆಂದು ತಿಳಿಯುವುದು ಹೇಗೆ ಎಂದರೆ, "ಯಾರನ್ನ ನೋಡಿ ನಕ್ವಿ ಅಂತ ನೆನಪು ಮಾಡ್ಕೊಂಡ್ರೆ ಸಾಕು, ಸಿಗುತ್ತೆ," ಎನ್ನುತ್ತಾರೆ. ನಿಮಗೇನು ಆಸೆ ಎಂದು ಕೇಳಿದೆ. ವಾಚ್‌ಮನ್ ಅಣ್ಣ ಕೂರುತ್ತಿದ್ದ ಖಾಲಿ ಕುರ್ಚಿಯನ್ನು ತೋರಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ವಾಚ್‌ಮನ್ ಅಣ್ಣ ಸಮವಸ್ತ್ರದಲ್ಲೇ ಬಂದಿದ್ದಾರೆ, ಕಂಕುಳಲ್ಲಿ ಟಾರ್ಚು. "ಟೀ ಇದೆಯೇನಮ್ಮ?" ಎಂದು ಕೇಳಿ, ಏನೂ ಆಗಿಲ್ಲವೆಂಬಂತೆ ಕುಳಿತುಕೊಳ್ಳುತ್ತಾರೆ. ಅಕ್ಕ ಟೀ ಬಗ್ಗಿಸುವಾಗ ಅರ್ಧ ಮೇಜಿಗೆ ಹೋಗುತ್ತದೆ.

ಅವರಿಗೆಂದೇ ಅಕ್ಕ ವಾರವಿಡೀ ಇಸ್ತ್ರಿ ಹಾಕುತ್ತ ಒಂದು ಪಾತ್ರ ಕಟ್ಟಿದ್ದಾರೆ. ಕಣ್ಣು ಮಿಟುಕಿಸದ ಕಾವಲುಗಾರ, ಮಹಾಶೂರ, ಇಡೀ ಊರನ್ನು ಉಳಿಸುವವನು. ಅಣ್ಣ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

"ಬೇಡಮ್ಮ. ರಾತ್ರಿಯೆಲ್ಲ ಕಾದು ಬಂದಿದೀನಿ, ಇಲ್ಲೂ ಕಾಯ್ಲಾ? ನಾನು ಕಳ್ಳ ಆಗ್ತೀನಿ. ಗೇಟಿನ ಒಳಗೆ ಏನಿದೆ ಅಂತ ಒಂದ್ಸಲ ನಾನೂ ನೋಡ್ಬೇಕು."

ನಾದಿನಿ ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತುತ್ತದೆ. ಅಕ್ಕ ಪೆಚ್ಚಾಗುತ್ತಾರೆ. ಆಮೇಲೆ ನಿಟ್ಟುಸಿರು ಬಿಟ್ಟು, "ಸರಿ, ಕಾವಲಿಗೆ ನಾನೇ ನಿಲ್ತೀನಿ," ಎನ್ನುತ್ತಾರೆ.

ಕಳ್ಳ ಗೋಡೆ ಹತ್ತುತ್ತಾನೆ. ದಾಳ ಉರುಳಿ ಒಂದರ ಮೇಲೆ ನಿಲ್ಲುತ್ತದೆ, ಅದಕ್ಕಿಂತ ಕೆಟ್ಟದ್ದಿಲ್ಲ. "ಹೋಗ್ಲಿ ಬಿಡಿ, ಕಾವಲಿನವನು ಹೇಗೂ ಮಲಗಿ..." ಎಂದು ಹಳೇ ರೂಢಿಯಲ್ಲಿ ಶುರುಮಾಡಿದ ಬೇಕರಿಯವನು ನಾಲಗೆ ಕಚ್ಚಿಕೊಳ್ಳುತ್ತಾನೆ.

ಅಕ್ಕ ಎದ್ದು ನಿಲ್ಲುತ್ತಾರೆ, ಅಣ್ಣನ ಟಾರ್ಚನ್ನು ತೆಗೆದುಕೊಂಡು ಅವರ ಮುಖಕ್ಕೆ ಬಿಡುತ್ತಾರೆ. "ಎದ್ದೇ ಇದೀನಿ. ಯಾರದು?"

"ಮುಖಕ್ಕಲ್ಲಮ್ಮ, ಕೈಗೆ ಬಿಡ್ಬೇಕು," ಎಂದು ಕಳ್ಳನೇ ಹೇಳಿಕೊಡುತ್ತಾನೆ. "ಕೈಲಿ ಏನಿದೆ ಅಂತ ಮೊದಲು ನೋಡ್ಬೇಕು."

ಟಾರ್ಚು ಕೆಳಗಿಳಿಯುತ್ತದೆ. ಅಣ್ಣ ಎರಡೂ ಕೈ ಮೇಲೆತ್ತುತ್ತಾರೆ, ಬಾಯಿ ಕಿವಿಯವರೆಗೆ ಹೋಗಿದೆ. ಸಿಕ್ಕಿಬಿದ್ದು ಇಷ್ಟು ಖುಷಿಪಟ್ಟ ಕಳ್ಳನನ್ನು ನಾನಂತೂ ಕಂಡಿಲ್ಲ.

ಹೊರಡುವಾಗ ಅವರು ಬಾಗಿಲಲ್ಲಿ ಒಮ್ಮೆ ನಿಲ್ಲುತ್ತಾರೆ. "ನನ್ನನ್ನ ಜೈಲಿಗೆ ಹಾಕ್ಬಿಟ್ಟೆಯಲ್ಲಮ್ಮ. ತಪ್ಪಿಸ್ಕೊಳ್ಳೋಕಾದ್ರೂ ಮುಂದಿನ ವಾರ ಬರ್ಬೇಕು ಈಗ."