ತೊಡೆಯ ಮೇಲಿನ ಚೀಲ

ವಿಮಾನ ನಿಲ್ದಾಣದ ತಪಾಸಣೆಯನ್ನು ಸಲೀಸಾಗಿ ದಾಟುವ ವಿದ್ಯೆ ನನಗೆ ಈ ಜನ್ಮದಲ್ಲಿ ಒಲಿಯುವುದಿಲ್ಲ. ನಾಚಿಕೆ ಬಿಟ್ಟು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿಯವರೆಗೆ ಮೂರು ಸಲ ವಿಮಾನ ಹತ್ತಿದ್ದೇನೆ, ಮೂರು ಸಲವೂ ನನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ್ದಾರೆ. ಮೊದಲ ಸಲ ಆ ಕೈಯಂತ್ರ ನನ್ನ ಸೊಂಟದ ಹತ್ತಿರ ಬಂದದ್ದೇ ತಡ, ಕೂಗಿಕೊಂಡಿತು. ಬೆಲ್ಟು ಆಗಲೇ ತಟ್ಟೆಯಲ್ಲಿತ್ತು. ಅದು ಕೂಗಿದ್ದು ಬೆಳ್ಳಿಯ ಉಡದಾರಕ್ಕೆ. ಶಿಗ್ಗಾಂವದ ಕಾಲೇಜಿನಲ್ಲಿ ಇತಿಹಾಸ ಹೇಳುವ, ಐವತ್ತು ದಾಟಿದ ಮನುಷ್ಯ ಪರದೆಯ ಹಿಂದೆ ಅಂಗಿ ಎತ್ತಿ ಉಡದಾರ ತೋರಿಸಿದ ಪ್ರಸಂಗವನ್ನು ನೀವೇ ಊಹಿಸಿಕೊಳ್ಳಿ. ಎರಡನೆಯ ಸಲ ಬೀಗರು ಕೊಟ್ಟ ಕೊಬ್ಬರಿ ಬಟ್ಟಲು ಸಿಕ್ಕಿಬಿತ್ತು. ಅದು ಬೆಂಕಿ ಹತ್ತುವ ಪದಾರ್ಥವಂತೆ. ಉಡಿ ತುಂಬುವ ಕೊಬ್ಬರಿಗೆ ಇಂಥದೊಂದು ದುರ್ಗುಣವಿದೆಯೆಂದು ನಮ್ಮ ಹಿರಿಯರು ಯಾರೂ ಹೇಳಿರಲಿಲ್ಲ.

ಮೂರನೆಯ ಸಲದ್ದು ಮಾತ್ರ ನಗುವ ಸಂಗತಿಯಲ್ಲ.

ಹೈದರಾಬಾದಿಗೆ ಕೊಟ್ಟ ನಮ್ಮ ಅಕ್ಕ ಆಸ್ಪತ್ರೆ ಸೇರಿ ತಿಂಗಳಾಗಿತ್ತು. ಔಷಧಿಗಳು ಅವಳ ನಾಲಗೆಯ ರುಚಿಯನ್ನೇ ಕಿತ್ತುಕೊಂಡಿದ್ದವು. ಏನು ತಿಂದರೂ ಮಣ್ಣು, ಬಾಯಿ ಸದಾ ಒಣ. ಫೋನಿನಲ್ಲಿ ಅಂದಳು: "ತಮ್ಮಾ, ಬಾಯಾಗ ಉಗುಳ ಸೈತ ಬರವಲ್ದು. ಅವ್ವನ ಕೆಂಪಹಿಂಡಿ ಒಂದ್ ಬೆರಳ ನೆಕ್ಕಿದ್ರ ಏನರ ಗೊತ್ತಾದೀತು ಅನಸ್ತತಿ ನೋಡು."

ಹಣ್ಣು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಮೆಂತ್ಯ, ಉಪ್ಪು, ಲಿಂಬೆರಸ ಹಾಕಿ ಹಸಿಯಾಗಿ ರುಬ್ಬಿಟ್ಟ ಚಟ್ನಿಯೇ ನಮ್ಮ ಕಡೆಯ ಕೆಂಪಹಿಂಡಿ. ನಮ್ಮೂರು ಹಿರೇಬೆಂಡಿಗೇರಿಯಲ್ಲಿ ಅವ್ವ ವರ್ಷಕ್ಕೊಮ್ಮೆ ಮಾಡುತ್ತಿದ್ದಳು. ಅವ್ವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಕೈಯದು ಒಂದೇ ಒಂದು ಗಾಜಿನ ಬಾಟಲಿ ಉಳಿದಿತ್ತು. ಇನ್ನು ಮುಂದೆ ಆಗುವಂಥದಲ್ಲ ಅದು.

"ರೀ, ಅರ್ಧಾ ಮನ್ಯಾಗ ತಗದಿಡ್ರಿ. ಯಾವುದಕ್ಕೂ ಇರ್ಲಿ," ಎಂದಳು ಹೆಂಡತಿ. ನನಗೆ ಉದಾರತೆಯ ಭೂತ ಹೊಕ್ಕಿತ್ತು. "ಪೂರಾ ಅಕ್ಕಗ ಹೋಗ್ಲಿ ಬಿಡು," ಎಂದೆ. ದೊಡ್ಡ ಮನುಷ್ಯ!

ಈಗ ನಮ್ಮ ಬಸ್ಸಿನ ಶಾಸ್ತ್ರವನ್ನು ಸ್ವಲ್ಪ ಹೇಳಬೇಕು. ಹಾನಗಲ್ಲ, ಸವಣೂರು, ಹಿರೇಕೆರೂರು ಎಂದು ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಓಡಾಡಿದವರು ನಾವು. ಅರಿವೆಯ ಗಂಟು, ಜೋಳದ ಚೀಲ ಬಸ್ಸಿನ ಮೇಲಕ್ಕೆ ಹೋಗುತ್ತವೆ, ಹೋದರೆ ಹೋಗಲಿ. ಜೀವಕ್ಕೆ ಬೇಕಾದದ್ದು ತೊಡೆಯ ಮೇಲಿರಬೇಕು. ಹೊಸ ಸೀರೆ, ಮೊಸರಿನ ಗಡಿಗೆ, ಕೂಸು, ಎಲ್ಲ ತೊಡೆಯ ಮೇಲೆ. ಅವ್ವ ಸವಣೂರಿಗೆ ಹೋಗುವಾಗಲೂ ಬುತ್ತಿಯ ಗಂಟನ್ನು ಪಕ್ಕದ ಸೀಟಿನ ಮೇಲೆ ಇಟ್ಟವಳಲ್ಲ. ವಿಮಾನದ ಶಾಸ್ತ್ರ ಇದಕ್ಕೆ ತದ್ವಿರುದ್ಧ. ಬೇಕಾದದ್ದನ್ನು ದೂರ ಕಳಿಸು, ಬೇಡವಾದದ್ದನ್ನು ಕೈಯಲ್ಲಿ ಹಿಡಿ! ನನಗಿದು ಗೊತ್ತಿರಲಿಲ್ಲವೆಂದಲ್ಲ, ಮೈಗೆ ಹತ್ತಿರಲಿಲ್ಲ. ನಾಲ್ಕು ಹಳೆಯ ಅಂಗಿಗಳನ್ನು ಲಗೇಜಿಗೆ ಕೊಟ್ಟೆ, ಚೀಟಿ ಅಂಟಿಸಿ ಗೌರವದಿಂದ ಒಳಗೆ ಕಳಿಸಿದರು. ಅವ್ವನ ಬಾಟಲಿಯನ್ನು ಕೈಚೀಲದಲ್ಲಿಟ್ಟು ಎದೆಗವುಚಿಕೊಂಡೆ.

ಆ ದಿನ ನಾನು ಪೂರ್ಣ ಸಿದ್ಧನಾಗಿದ್ದೆ ಅನ್ನುವುದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಉಡದಾರ ಮನೆಯಲ್ಲಿ ಬಿಚ್ಚಿಟ್ಟಿದ್ದೆ. ಬೆಲ್ಟಿಲ್ಲ, ಕಿಸೆಯಲ್ಲಿ ಚಿಲ್ಲರೆಯಿಲ್ಲ, ಕಾಲಲ್ಲಿ ಚಪ್ಪಲಿ. ಕೈಯಂತ್ರ ನನ್ನ ಮೈತುಂಬ ಓಡಾಡಿ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದೆ ಅಂದುಕೊಂಡು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅಲ್ಲಿದ್ದ ಸಿಬ್ಬಂದಿ ಅದನ್ನು ಪಕ್ಕಕ್ಕೆಳೆದ.

ಬಾಟಲಿಯ ಮುಚ್ಚಳ ತೆಗೆದವನೇ ಮೂಸಿ ನೋಡಿ, ನನ್ನ ಮುಖ ನೋಡಿದ. "ಕೆಂಪಹಿಂಡಿ ಏನ್ರಿ ಸರ?" ನನಗೆ ಹೋದ ಜೀವ ಬಂತು. ಹಿರೇಕೆರೂರಿನ ಕಡೆಯವನಂತೆ. ಅಕ್ಕನ ಕಾಯಿಲೆ, ಅವ್ವನ ಸಾವು, ಎಲ್ಲವನ್ನೂ ಹೇಳಿದೆ. ಅವನು ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿದ. "ನಮ್ಮನ್ಯಾಗೂ ಮಾಡ್ತಾರ್ರಿ ಸರ. ಆದ್ರ ಇದು ಹಸೀದೈತಿ, ನೀರಿನ ಲೆಕ್ಕದಾಗ ಬರ್ತೈತಿ, ಕೈಚೀಲದಾಗ ಇಷ್ಟ್ ಬಿಡಾಕ ಬರೂದಿಲ್ರಿ. ಲಗೇಜಿಗೆ ಹಾಕಿ ಬರ್ರಿ." ಓಡಿದೆ. ಲಗೇಜಿನ ಕೌಂಟರು ಮುಚ್ಚಿತ್ತು. ಮತ್ತೆ ಓಡಿ ಬಂದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂದು ಗಾದೆ ಕಟ್ಟಿದವರು ಪುಣ್ಯವಂತರು. ಶಾಸನಗಳಲ್ಲಿ ಎಲೆ, ಅಡಕೆ, ಮೆಣಸಿಗೆ ಹೇರಿದ ಸುಂಕದ ಮಾತು ಬರುತ್ತದೆ, ವರ್ಷವರ್ಷ ಪಾಠ ಮಾಡುತ್ತೇನೆ. ಆ ಕಾಲದ ಸುಂಕದವನು ಹೇರಿನಲ್ಲಿ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತಿದ್ದ. ಇವನಿಗೆ ಪಾಲೂ ಬೇಡ. ಬಾಟಲಿ ಕಸದ ಬುಟ್ಟಿಗೆ ಹೋಗಬೇಕು, ಅಷ್ಟೇ. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ, ಅವನ ಮುಖ ನನ್ನದಕ್ಕಿಂತ ಸಣ್ಣದಾಗಿತ್ತು.

"ಒಂದ್ ಬೆರಳ ನೆಕ್ಕಿ ಹೋಗ್ಲೇನಪಾ?" ಎಂದೆ.

"ನೆಕ್ರಿ ಸರ," ಎಂದು ಅವನು ಆಚೆ ತಿರುಗಿ ನಿಂತ.

ಬುಟ್ಟಿಯೊಳಗೆ ಅದು ಬಿದ್ದ ಸಪ್ಪಳ ಇನ್ನೂ ಕಿವಿಯಲ್ಲಿದೆ. ಬೆರಳಿಗಂಟಿದ ವಾಸನೆಯನ್ನಾದರೂ ಒಯ್ಯೋಣವೆಂದು ವಿಮಾನದಲ್ಲಿ ನೀರು ಸಹ ಮುಟ್ಟದೆ ಕುಳಿತೆ. ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ತಪಾಸಣೆ. ಎರಡೂ ಕೈಗೆ ಔಷಧಿ ಸುರಿದು ಉಜ್ಜಿಕೊಳ್ಳಿ ಎಂದರು. ಅದೂ ಹೋಯಿತು.

ಅಕ್ಕ ಹಾಸಿಗೆಯಲ್ಲಿ ಅಂಗೈಯಗಲ ಆಗಿದ್ದಳು. ನನ್ನ ಮುಖ ನೋಡುವ ಮೊದಲು ಕೈ ನೋಡಿದಳು. ನಮ್ಮ ಕಡೆ ಯಾರೂ ಬರಿಗೈಲೆ ಯಾರ ಮನೆಗೂ ಹೋಗುವುದಿಲ್ಲ. ನಾನು ಹೋಗಿದ್ದೆ. ಆದದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿ ಕುಳಿತೆ. ಬೈದಿದ್ದರೆ ಹಗುರಾಗುತ್ತಿತ್ತು.

"ನೀ ನೆಕ್ಕಿದೆಲ್ಲ, ಹೆಂಗಿತ್ತೋ?" ಎಂದಳು.

ಹೇಳಿದೆ. ಮೊದಲು ಲಿಂಬೆಯ ಹುಳಿ ನಾಲಗೆಯ ಅಂಚಿಗೆ ಹತ್ತಿತು. ಬೆಳ್ಳುಳ್ಳಿ ಅಲ್ಲಲ್ಲಿ ತರಿತರಿ, ಅವ್ವ ನುಣ್ಣಗೆ ರುಬ್ಬಿದವಳೇ ಅಲ್ಲ. ಮೆಂತ್ಯದ ಕಹಿ ಹಿಂದಿನಿಂದ ಬಂತು. ಖಾರ ಕಿವಿಗೆ ಏರಿತು. ಉಪ್ಪು ಎಂದಿನಂತೆ ಒಂದು ಹರಳು ಹೆಚ್ಚು. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ಗಂಟಲು ಅಲುಗಿತು. ಸೆರಗಿನಿಂದ ತುಟಿ ಒರೆಸಿಕೊಂಡಳು.

"ಬಾಯಾಗ ನೀರ ಬಂತೋ ತಮ್ಮಾ," ಎಂದಳು. "ಇನ್ನೊಮ್ಮಿ ಹೇಳು."

ಹೇಳಿದೆ. ಈ ಸಲ ಉಪ್ಪು ಇನ್ನೊಂದು ಹರಳು ಹೆಚ್ಚಿಗೆ ಹಾಕಿದೆ.